ಮೀಟಿದ್ದನ್ನೇ ಮೀಟುವ ತಂಬೂರಿ

‘ಹಾಡಿದ್ದೇ ಹಾಡುವ ಕಿಸಬಾಯಿ ದಾಸ’ ಎಂಬುದು ಕನ್ನಡದ ಹಳೆಯ ಗಾದೆ. ಹೇಳಿದ್ದನ್ನೇ ಹೇಳುವವರನ್ನು ಕಂಡು ಬೇಸತ್ತ ಜನರು ಕಟ್ಟಿದ ಮಾತಿದು. ಮಾತಿನ ಮಟ್ಟಿಗೆ ಈ ಗಾದೆ ನಿಜವಿರಬಹುದು. ಸಂಗೀತದ ಮಟ್ಟಿಗೆ ಇದನ್ನು ಒಪ್ಪುವುದು ಕಷ್ಟ. ಸಂಗೀತದಲ್ಲಿ ಪುನರಾವರ್ತನೆಯು ಕೇಳುಗನನ್ನು ನಾದದ ಆಳಕ್ಕೆ ಇಳಿಸುವ ಮೆಟ್ಟಿಲು.

ಇದಕ್ಕೆ ಸಾಕ್ಷ್ಯವನ್ನು ಹಾಸನ ಜಿಲ್ಲೆಯಲ್ಲಿಯೇ ಕಾಣಬಹುದು. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವು ಸಂಗೀತಗಾರರ ಊರೆಂದೇ ಹೆಸರಾಗಿದೆ. ಪದ್ಮಭೂಷಣ ಆರ್. ಕೆ. ಶ್ರೀಕಂಠನ್ (1920–2014) ಹುಟ್ಟಿದ್ದು ಇಲ್ಲಿಯೇ. ವಿದ್ವಾನ್ ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಈ ಊರಿನಲ್ಲಿ ತಂಬೂರಿಯ ಆಕಾರದ ಧ್ಯಾನಮಂದಿರವೊಂದು ಎದ್ದು ನಿಂತಿದೆ. ಆ ಆಕಾರದಲ್ಲಿ ಔಚಿತ್ಯವಿದೆ. ಕಛೇರಿಯಲ್ಲಿ ಗಾಯಕರ ಹಿಂದೆ ಕುಳಿತು, ರಾಗವನ್ನಾಗಲಿ ತಾಳವನ್ನಾಗಲಿ ನುಡಿಸದೆ, ಮೊದಲಿನಿಂದ ಕೊನೆಯವರೆಗೆ ಒಂದೇ ನಾದವನ್ನು ನೀಡುವ ವಾದ್ಯ ತಂಬೂರಿ. ಉಳಿದೆಲ್ಲವೂ ಅದನ್ನು ಆಧರಿಸಿಯೇ ನಿಲ್ಲುತ್ತವೆ.

ತಂಬೂರಿಗೆ ಇರುವುದು ನಾಲ್ಕೇ ತಂತಿ: ಒಂದು ಪಂಚಮ, ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಬೆರಳು ಇವನ್ನು ಅದೇ ಕ್ರಮದಲ್ಲಿ, ಅದೇ ವೇಗದಲ್ಲಿ ಮೀಟುತ್ತಾ ಹೋಗುತ್ತದೆ. ಒಂದು ತಂತಿಯ ನಾದ ಆರುವ ಮುನ್ನವೇ ಮುಂದಿನದು ಅದರ ಮೇಲೆ ಬಂದು ಕೂಡುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ನೂಲೆಳೆಗೆ ‘ಜೀವಾಳ’ವೆಂದು ಹೆಸರು. ಅದು ತಕ್ಕ ಜಾಗದಲ್ಲಿ ನಿಂತಾಗ ತಂತಿಯಲ್ಲಿ ಅಡಗಿದ್ದ ಉಪಸ್ವರಗಳು ಹೊರಹೊಮ್ಮುತ್ತವೆ. ಯಾರೂ ಮೀಟದ ಅಂತರ ಗಾಂಧಾರವು ಮಂದ್ರ ಷಡ್ಜದೊಳಗಿಂದ ಕೇಳಿಬರುತ್ತದೆ. ಸಿ. ವಿ. ರಾಮನ್ ಅವರು 1921ರಲ್ಲಿ ತಂಬೂರಿ, ವೀಣೆಗಳನ್ನು ಕುರಿತು ಬರೆದ ಲೇಖನದಲ್ಲಿ, ಈ ನಾದಸಮೃದ್ಧಿಗೆ ಕುದುರೆಯ ರಚನೆಯೇ ಕಾರಣವೆಂದು ವಿವರಿಸಿದರು. ಆದರೆ ಈ ಗಾಂಧಾರ ಮೊದಲ ಮೀಟಿಗೇ ಎಲ್ಲರಿಗೂ ಕೇಳಿಸುವುದಿಲ್ಲ. ಅದೇ ನಾದ ಮರಳಿ ಮರಳಿ ಬರುತ್ತಿರಲು, ‘ಮುಂದೇನು?’ ಎಂದು ಕಾಯುತ್ತಿದ್ದ ಕಿವಿ ‘ಒಳಗೇನು?’ ಎಂದು ಹುಡುಕತೊಡಗುತ್ತದೆ. ಆಗ ಅದು ಕೇಳಿಸುತ್ತದೆ.

ಜನಪದರಿಗೂ ಈ ಗುಟ್ಟು ತಿಳಿದಿತ್ತು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಸುತ್ತಲಿನ ಹಳ್ಳಿಗಳಲ್ಲಿ ಹಿಂದೆ ಬೆಳಗಿನ ಜಾವ ರಾಗಿ ಬೀಸುತ್ತಿದ್ದ ಹೆಂಗಸರಿಗೆ ಬೀಸುವ ಕಲ್ಲಿನ ಮೊರೆತವೇ ಶ್ರುತಿಯಾಗಿತ್ತು. ಸೋಬಾನೆಯಲ್ಲಿ ಒಬ್ಬಳು ಹೇಳಿದ ಸಾಲನ್ನು ಉಳಿದವರು ಮರಳಿ ಹಾಡುವಾಗ, ಭಜನೆಯಲ್ಲಿ ಒಂದೇ ನಾಮ ತಾಳದ ಮೇಲೆ ಸುತ್ತಿ ಸುತ್ತಿ ಬರುವಾಗ, ಕೊರಳಿಗೆ ಕೊರಳು ಸೇರಿ ದನಿ ತುಂಬಿಕೊಳ್ಳುತ್ತದೆ. ಮೊದಲ ಸಲ ಬರಿಯ ಮಾತಾಗಿ ಕೇಳಿದ ಸಾಲು ಹತ್ತನೆಯ ಸಲಕ್ಕೆ ಭಾವವಾಗಿ ನಿಲ್ಲುತ್ತದೆ.

ದೂರದ ಅಮೆರಿಕದಲ್ಲಿ 1960ರ ದಶಕದಲ್ಲಿ ‘ಮಿನಿಮಲಿಸಂ’ ಎಂಬ ಸಂಗೀತಮಾರ್ಗ ಬೆಳೆಯಿತು. ಕೆಲವೇ ಸ್ವರಗಳು, ದೀರ್ಘ ಪುನರಾವರ್ತನೆ ಅದರ ಲಕ್ಷಣ. ಟೆರಿ ರೈಲಿಯವರ 1964ರ ‘ಇನ್ ಸಿ’ ಕೃತಿಯಲ್ಲಿರುವುದು 53 ಪುಟ್ಟ ಸ್ವರಗುಚ್ಛಗಳು. ವಾದಕರು ಒಂದೊಂದನ್ನೂ ತಮಗೆ ಬೇಕೆನಿಸಿದಷ್ಟು ಸಲ ನುಡಿಸಿ ಮುಂದೆ ಸಾಗುತ್ತಾರೆ. ಒಬ್ಬರ ನಾದದ ಮೇಲೆ ಇನ್ನೊಬ್ಬರದು ಪದರವಾಗಿ ಹಾಸಿಕೊಳ್ಳುತ್ತದೆ. ರೈಲಿ ಹಾಗೂ ಅವರ ಗೆಳೆಯ ಲಾ ಮಾಂಟೆ ಯಂಗ್ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ ಪ್ರಾಣನಾಥರ ಶಿಷ್ಯರಾದರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರದೂ ಇದೇ ಘರಾಣೆ. ಹೊಸತನ್ನು ಅರಸಿ ಹೊರಟವರು ಬಂದು ಕುಳಿತದ್ದು ತಂಬೂರಿಯ ಬಳಿಯಲ್ಲಿ!

ಎಲ್ಲ ಪುನರಾವರ್ತನೆಯೂ ಆಳವೆನ್ನಲಾಗದು. ಗಮನವಿಲ್ಲದ ಉರುಹೊಡೆತದಿಂದ ಬೇಸರವೇ ಫಲ. ಇಂದು ಗುಂಡಿ ಒತ್ತಿದೊಡನೆ ಶ್ರುತಿ ನೀಡುವ ಯಂತ್ರಗಳಿವೆ. ಮೊಬೈಲಿನಲ್ಲಿಯೂ ತಂಬೂರಿ ನುಡಿಯುತ್ತದೆ. ಅವುಗಳಿಂದ ಅನುಕೂಲವಿದೆ, ನಿಜ. ಆದರೆ ತಂತಿಯನ್ನು ಬಿಗಿದು, ಜೀವಾಳವನ್ನು ಕೂದಲೆಳೆಯಷ್ಟು ಸರಿಸಿ, ನಾದ ಕೂಡುವವರೆಗೆ ಕಾಯುವ ವಿದ್ಯಾರ್ಥಿ ಹಾಡುವುದಕ್ಕೆ ಮೊದಲೇ ಕೇಳುವುದನ್ನು ಕಲಿಯುತ್ತಾನೆ. ಆ ಅಭ್ಯಾಸವನ್ನು ಯಂತ್ರ ಕಲಿಸಲಾರದು. ಆದ್ದರಿಂದ ಸಂಗೀತ ಕಲಿಸುವ ಪ್ರತಿಯೊಂದು ಶಾಲೆಯಲ್ಲಿಯೂ ನಿಜವಾದ ತಂಬೂರಿಯೊಂದು ಇರಬೇಕು. ಅದನ್ನು ಶ್ರುತಿಗೂಡಿಸುವ ಕೆಲಸ ಮಕ್ಕಳ ಕೈಗೇ ಬರಬೇಕು.