ತೂಬಿನ ಲೆಕ್ಕ ಬೇರೆ, ನೀರಿನ ಲೆಕ್ಕ ಬೇರೆ

ಕೊಯ್ಲಿಗೆ ಬಂದ ಭತ್ತದ ಮೇಲೆ ಮಳೆ ಸುರಿದರೆ ಸಿಂಧನೂರಿನ ಗದ್ದೆಗಳಲ್ಲಿ ಪೈರು ನೆಲಕ್ಕೊರಗುತ್ತದೆ. ಲಿಂಗಸುಗೂರು, ಮಸ್ಕಿ ಕಡೆಯ ಖುಷ್ಕಿ ಹೊಲಗಳಲ್ಲಿ ತೊಗರಿ, ಸಜ್ಜೆ ಬಿತ್ತುವವರು ಇದೇ ಮಳೆಗಾಗಿ ಮುಗಿಲು ನೋಡುತ್ತಾರೆ. ಇಬ್ಬರಿಗೂ ಬೇಕಿರುವುದು ತಮ್ಮ ಊರಿನ ಮಳೆಯ ಮುನ್ಸೂಚನೆ. 2025ರ ಮೇ ತಿಂಗಳಲ್ಲಿ ಚಾಲನೆ ಪಡೆದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ 12 ಕಿ.ಮೀ. ಇದ್ದ ಲೆಕ್ಕದ ಚೌಕವನ್ನು 6 ಕಿ.ಮೀ.ಗೆ ಇಳಿಸಿತು. ಪಂಚಾಯಿತಿ ಮಟ್ಟಕ್ಕೂ ಮುನ್ಸೂಚನೆ ಮುಟ್ಟಿಸುವುದು ಅದರ ಗುರಿ.

ಚೌಕದ ಬದಿ ಅರ್ಧವಾದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ; ಕಾಲದ ಹೆಜ್ಜೆಯನ್ನೂ ಕಿರಿದುಗೊಳಿಸಿದರೆ ಕೆಲಸ ಎಂಟು ಪಟ್ಟಿನವರೆಗೂ ಏರುತ್ತದೆ. ಈ ಹೊರೆ ಎಳೆಯುವುದು ಪ್ರೊಸೆಸರಿನ ವೆಕ್ಟರ್ ಘಟಕ: ಒಂದೇ ಆದೇಶಕ್ಕೆ ನಾಲ್ಕೆಂಟು ಸಂಖ್ಯೆಗಳನ್ನು ಒಟ್ಟಿಗೇ ಕೂಡಿ ಗುಣಿಸುತ್ತದೆ. ಅದು ನಿಜಕ್ಕೂ ದುಡಿಯುತ್ತಿದೆಯೋ ಇಲ್ಲವೋ ಎಂದು ಹೇಳಬಲ್ಲವು ಚಿಪ್‌ನೊಳಗೆ ನಡೆದ ಕೆಲಸವನ್ನು ಎಣಿಸುವ ಪರ್ಫಾರ್ಮೆನ್ಸ್ ಕೌಂಟರ್‌ಗಳು.

ತೊಡಕು ಇರುವುದು ಇಲ್ಲೇ. ಒಬ್ಬೊಬ್ಬ ತಯಾರಕರ ಕೌಂಟರ್ ಒಂದೊಂದು ರೀತಿ ಎಣಿಸುತ್ತದೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂಗೆ 2018ರಲ್ಲಿ ಬಂದ ಸೂಪರ್‌ಕಂಪ್ಯೂಟರ್ ‘ಪ್ರತ್ಯೂಷ್’ ಇಂಟೆಲ್ ಯಂತ್ರ. ಅಲ್ಲೇ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ‘ಅರ್ಕ’ ಎಎಂಡಿ ಯಂತ್ರ. ನಾಲ್ಕು ಜೋಡಿ ಸಂಖ್ಯೆಗಳನ್ನು ಗುಣಿಸಿ ಕೂಡುವ 256 ಬಿಟ್‌ನ ಒಂದು ಆದೇಶವನ್ನೇ ತೆಗೆದುಕೊಳ್ಳಿ. ನಡೆದ ಲೆಕ್ಕಗಳು ಎಂಟು. ಇಂಟೆಲ್ ಕೌಂಟರ್ 2 ಎನ್ನುತ್ತದೆ. ಅದನ್ನು ನಾಲ್ಕರಿಂದ ಗುಣಿಸಿಕೊಳ್ಳುವುದು ನೋಡುವವರ ಕೆಲಸ. ಎಎಂಡಿ ನೇರವಾಗಿ 8 ಎನ್ನುತ್ತದೆ. ಎಸ್‌ವಿಇ ಎಂಬ ವೆಕ್ಟರ್ ಆದೇಶಗಳಿರುವ ಆರ್ಮ್ ಪ್ರೊಸೆಸರ್ 128 ಬಿಟ್‌ನ ಅಳತೆಯಲ್ಲಿ 4 ಎನ್ನುತ್ತದೆ, ಅದೂ ಮುಂದಾಗಿ ಊಹಿಸಿ ಮಾಡಿ ಆಮೇಲೆ ಕೈಬಿಟ್ಟ ಕೆಲಸವನ್ನೂ ಸೇರಿಸಿ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಒಬ್ಬರು ತೆರೆದ ತೂಬು ಎಣಿಸಿ, ಇನ್ನೊಬ್ಬರು ಹರಿದ ಕ್ಯೂಸೆಕ್ ಅಳೆದು, ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಕೆಳಭಾಗದ ರೈತ ಒಪ್ಪುತ್ತಾನೆಯೇ?

ಬೆಂಗಳೂರಿನ ಐಐಎಸ್‌ಸಿಯ ಕತೆ ಇನ್ನೂ ಕಣ್ಣು ತೆರೆಸುವಂಥದ್ದು. ಅಲ್ಲಿಗೆ 2015ರಲ್ಲಿ ಬಂದ ‘ಸಹಸ್ರ-ಟಿ’ಯಲ್ಲಿ 33 ಸಾವಿರ ಹ್ಯಾಸ್‌ವೆಲ್ ಕೋರ್‌ಗಳಿದ್ದವು. ಹ್ಯಾಸ್‌ವೆಲ್ ಪೀಳಿಗೆಯಲ್ಲಿ ದಶಮಾಂಶ ಲೆಕ್ಕಗಳನ್ನು ಎಣಿಸುವ ನಂಬಲರ್ಹ ಕೌಂಟರನ್ನೇ ಇಂಟೆಲ್ ಇಟ್ಟಿರಲಿಲ್ಲ. ಅದರ ಹಿಂದಿನ ಸ್ಯಾಂಡಿಬ್ರಿಡ್ಜ್‌ನಲ್ಲಿ ಕೌಂಟರ್ ಇತ್ತು, ಆದರೆ ದತ್ತಾಂಶಕ್ಕೆ ಕಾದು ಮತ್ತೆ ಮತ್ತೆ ಯತ್ನಿಸಿದ್ದನ್ನೂ ಸೇರಿಸಿ ಹೆಚ್ಚೇ ತೋರಿಸುತ್ತಿತ್ತು. 2022ರ 3.3 ಪೆಟಾಫ್ಲಾಪ್ ವೇಗದ ‘ಪರಮ್ ಪ್ರವೇಗ’ದ ಕ್ಯಾಸ್ಕೇಡ್ ಲೇಕ್ ಚಿಪ್‌ಗಳು 128, 256, 512 ಬಿಟ್ ಎಂದು ಬಿಡಿಬಿಡಿಯಾಗಿ ಎಣಿಸುತ್ತವೆ. ಒಂದೇ ಆವರಣದ ಹಳೆಯ ಯಂತ್ರವನ್ನೂ ಹೊಸದನ್ನೂ ಕೌಂಟರ್ ಹಿಡಿದು ತೂಗಿ ನೋಡಲು ದಾರಿಯಿಲ್ಲ.

ಜನರ ದುಡ್ಡಿನ ಯಂತ್ರ ಬಂದಾಗಲೆಲ್ಲ ಪತ್ರಿಕೆಗಳಿಗೆ ಸಿಗುವುದು ಪೆಟಾಫ್ಲಾಪ್‌ನ ಗರಿಷ್ಠ ಅಂಕಿ. ಹವಾಮಾನದ ಪ್ರೋಗ್ರಾಂಗಳು ಮೆಮೊರಿಯಿಂದ ದತ್ತಾಂಶ ಬರಲೆಂದು ಕಾಯುತ್ತಾ ಅದರ ಸಣ್ಣ ಪಾಲನ್ನಷ್ಟೇ ಮುಟ್ಟುತ್ತವೆ. ಆ ಪಾಲು ಎಷ್ಟೆಂಬುದೂ ಬಹಿರಂಗವಾಗಬೇಕು. ಟೆಂಡರಿನಲ್ಲೇ ಷರತ್ತು ಹಾಕಬೇಕು: ಎಣಿಸಿದ್ದು ಆದೇಶವನ್ನೋ ಲೆಕ್ಕವನ್ನೋ, ಮುಗಿದದ್ದನ್ನೋ ಊಹೆಯದನ್ನೋ ಎಂದು ತಯಾರಕರು ಬರೆದುಕೊಡಲಿ.

ದೇಶದಲ್ಲೇ ರೂಪುಗೊಳ್ಳುತ್ತಿರುವ ಚಿಪ್‌ಗಳಿಗೂ ಈ ಮಾತು ಸಲ್ಲುತ್ತದೆ. ಸಿ-ಡ್ಯಾಕ್‌ನ ‘ಔಮ್’ ಆರ್ಮ್ ಆಧಾರಿತ ಚಿಪ್, ಐಐಟಿ ಮದ್ರಾಸಿನ ‘ಶಕ್ತಿ’ ರಿಸ್ಕ್-ಫೈವ್ ಎಂಬ ವಿನ್ಯಾಸದ್ದು. ರಿಸ್ಕ್-ಫೈವ್‌ನಲ್ಲಂತೂ ಹೆಚ್ಚುವರಿ 29 ಕೌಂಟರ್‌ಗಳು ಏನನ್ನು ಎಣಿಸಬೇಕೆಂಬುದನ್ನು ಚಿಪ್ ರೂಪಿಸುವವರಿಗೇ ಬಿಡಲಾಗಿದೆ. ದೇಶೀ ಚಿಪ್‌ಗಳಿಗೆ ಒಂದೇ ಅಳತೆ ನಿಗದಿ ಮಾಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎಣಿಸಬಲ್ಲವರೂ ಬೇಕಲ್ಲ? ಲಿನಕ್ಸ್‌ನಲ್ಲಿ 2009ರಿಂದಲೂ ಇರುವ, ಈ ಕೌಂಟರ್‌ಗಳನ್ನು ಓದುವ ‘ಪರ್ಫ್’ ಉಚಿತ. ರಾಯಚೂರು ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದೇ ಪ್ರೋಗ್ರಾಮನ್ನು ಇಂಟೆಲ್, ಎಎಂಡಿ ಎರಡರಲ್ಲೂ ಓಡಿಸಿ, ಅಂಕಿಗಳು ಯಾಕೆ ಬೇರೆ ಬಂದವೆಂದು ಲ್ಯಾಬ್ ಪುಸ್ತಕದಲ್ಲಿ ಬರೆಯುವ ಪಾಠವನ್ನು ಮುಂದಿನ ಸೆಮಿಸ್ಟರಿನಲ್ಲೇ ಶುರು ಮಾಡಬಹುದು.