ಸಪ್ತಾಪುರದ ರಸ್ತೆಗೆ ಮೊದಲು ಬೇಕಾದದ್ದು ಪಾರ್ಕಿಂಗ್ ಅಲ್ಲ



ಹೋದ ವಾರ ನಮ್ಮ ಓಣಿಯ ಹಿರಿಯರೊಬ್ಬರ ಅಂಗಳದಲ್ಲಿ ಹತ್ತಿಪ್ಪತ್ತು ಮಂದಿ ಸೇರಿದ್ದೆವು. ಧಾರವಾಡದ ಸಪ್ತಾಪುರ ಬಾವಿಯ ಸುತ್ತಲಿನ ಅಂಗಡಿ ಸಾಲಿನ ರಸ್ತೆಯನ್ನು ಹೇಗೆ ಸುಧಾರಿಸಬೇಕು ಎಂಬುದು ವಿಷಯ. ಚಹಾ, ಚುರುಮುರಿ ಬಂತು. ಬೇಡಿಕೆಗಳ ಪಟ್ಟಿಯೂ ಆಯಿತು: ತಿಂಡಿ ಗಾಡಿಗಳನ್ನು ಎತ್ತಿಸಬೇಕು, ಕಾರು ನಿಲ್ಲಿಸಲು ಗೆರೆ ಹೊಡೆಸಬೇಕು, ರಾತ್ರಿ ಒಂಬತ್ತರ ಮೇಲೆ ಹುಡುಗರು ಗುಂಪು ಕಟ್ಟಿ ನಿಲ್ಲದಂತೆ ಪೊಲೀಸರಿಗೆ ಹೇಳಬೇಕು, ನಡುವೆ ಹೂಗಿಡದ ಡಿವೈಡರ್ ಆದರೆ ಇನ್ನೂ ಚೆಂದ. ಮನವಿಗೆ ಎಲ್ಲರೂ ಸಹಿ ಹಾಕಿದರು. ನಾನು ಹಾಕಲಿಲ್ಲ. ಯಾಕೆ ಎಂದು ಅಲ್ಲಿ ಬಿಡಿಸಿ ಹೇಳಲು ಆಗಲಿಲ್ಲ. ಸಿಟ್ಟು ಬಂದರೆ ನನಗೆ ಮಾತು ತೊಡರುತ್ತದೆ. ಅದಕ್ಕೇ ಈ ಪತ್ರ.

ಈ ರಸ್ತೆ ಯಾರ ಕಾಲಿನ ಕೆಳಗೆ ಸವೆಯುತ್ತಿದೆ ಎಂಬುದನ್ನು ಆ ಪಟ್ಟಿ ಮರೆತಿದೆ. ಒಂದು ಕಡೆ 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜು, ಇನ್ನೊಂದು ಕಡೆ 1949ರ ಕಾಯ್ದೆಯಿಂದ ಮುಂಬಯಿಯಲ್ಲಿ ಹುಟ್ಟಿ ಆಮೇಲೆ ಧಾರವಾಡಕ್ಕೆ ಬಂದ ವಿಶ್ವವಿದ್ಯಾಲಯ. ನಡುವಿನ ಸಪ್ತಾಪುರ, ಜಯನಗರ, ಶ್ರೀನಗರ ಸರ್ಕಲ್ಲಿನ ಮನೆಗಳಲ್ಲಿ ಮೊದಲಿನಿಂದಲೂ ವಿದ್ಯಾರ್ಥಿಗಳು ಬಾಡಿಗೆಗೆ ಇದ್ದವರೇ. ಈಗ ಅವರ ಜೊತೆ ಇನ್ನೊಂದು ದೊಡ್ಡ ಬಳಗ ಸೇರಿದೆ. ಡಿಗ್ರಿ ಮುಗಿಸಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ ಎಂದು ಪುಸ್ತಕ ಹಿಡಿದವರು. ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ, ಕೊಪ್ಪಳ ಎಲ್ಲ ಕಡೆಯಿಂದಲೂ ಬಂದಿದ್ದಾರೆ. ಬೆಳಿಗ್ಗೆ ಎದ್ದು ಕಟ್ಟೆಯ ಮೇಲೆ ಕೂತು ಎಷ್ಟು ಮಂದಿ ಹಾದುಹೋಗುತ್ತಾರೆ ಎಂದು ಒಮ್ಮೆ ಎಣಿಸತೊಡಗಿದೆ. ಹತ್ತು ನಿಮಿಷಕ್ಕೆ ಲೆಕ್ಕ ತಪ್ಪಿ ಕೈಬಿಟ್ಟೆ. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಹೆಚ್ಚುಕಡಿಮೆ ಎಲ್ಲರೂ ನಡೆದೇ ಹೋಗುವವರು. ರೂಮಿನಿಂದ ಲೈಬ್ರರಿಗೆ, ಲೈಬ್ರರಿಯಿಂದ ಖಾನಾವಳಿಗೆ, ಅಲ್ಲಿಂದ ಕ್ಲಾಸಿಗೆ, ಮತ್ತೆ ಲೈಬ್ರರಿಗೆ.

'ಇವರೆಲ್ಲ ನಾಲ್ಕು ದಿನ ಇದ್ದು ಹೋಗುವವರು' ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಾಲ್ಕು ದಿನವೆ? 545 ಪಿಎಸ್‌ಐ ಹುದ್ದೆಗಳ ಕಥೆಯನ್ನೇ ನೋಡಿ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಿಗೆ ಬಂದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ಅವಧಿಯುದ್ದಕ್ಕೂ ನನ್ನ ಮಾಳಿಗೆಯ ಮೇಲಿನ ಕೋಣೆಯಲ್ಲಿ ಇಂಡಿ ತಾಲೂಕಿನ ಒಬ್ಬ ಹುಡುಗ ಇದ್ದ. ಬಂದಾಗ ಇಪ್ಪತ್ಮೂರು, ಹೋಗುವಾಗ ತಲೆಯಲ್ಲಿ ನಾಲ್ಕು ಬಿಳಿಕೂದಲು. ಅಷ್ಟು ವರ್ಷ ಇಲ್ಲೇ ಉಂಡು, ಇಲ್ಲೇ ಮಲಗಿ, ನಮ್ಮ ಅಂಗಡಿಗಳಲ್ಲೇ ದುಡ್ಡು ಸುರಿದವನು ನಿವಾಸಿ ಅಲ್ಲವಾದರೆ, ಹುಬ್ಬಳ್ಳಿಯಲ್ಲಿ ಮನೆ ಮಾಡಿ ಇಲ್ಲಿನ ಬಾಡಿಗೆ ಮಾತ್ರ ಎಣಿಸುವವರು ಯಾವ ಲೆಕ್ಕಕ್ಕೆ ನಿವಾಸಿಗಳು?

ಈ ಹುಡುಗ ಹುಡುಗಿಯರ ಓಟು ಸಿಂದಗಿಯಲ್ಲಿ, ಸುರಪುರದಲ್ಲಿ, ಕುಷ್ಟಗಿಯಲ್ಲಿ ಇದೆ. ನಮ್ಮ ವಾರ್ಡಿನಲ್ಲಿ ಇಲ್ಲ. ಅವರನ್ನು ಯಾರೂ ಕೇಳದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಮೊದಲು ಫುಟ್‌ಪಾತಿನ ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ವಸತಿ ಪ್ರದೇಶದಲ್ಲಿ ಅಡೆತಡೆ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿ ಬೀದಿಯಲ್ಲಿ 2.5 ಮೀಟರ್. ಎರಡೂವರೆ ಮೀಟರ್ ದೂರ ಉಳಿಯಿತು, ನಮ್ಮಲ್ಲಿ ಇಬ್ಬರು ಜೊತೆಗೆ ನಡೆದರೆ ಒಬ್ಬರು ಗಟಾರದ ಹಾಸುಗಲ್ಲಿನ ಮೇಲೆ. ಆ ಕಲ್ಲೂ ಕೆಲವು ಕಡೆ ಅಲ್ಲಾಡುತ್ತದೆ, ಕೆಲವು ಕಡೆ ಇಲ್ಲವೇ ಇಲ್ಲ. ಉಳಿದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್, ಕೋಚಿಂಗ್ ಕ್ಲಾಸುಗಳ ನಿಲುವು ಬೋರ್ಡು, ಝೆರಾಕ್ಸ್ ಅಂಗಡಿಯ ಮುಂದಿನ ಬೈಕುಗಳ ಸಾಲು. ಧಾರವಾಡದ ಮಳೆ ಗೊತ್ತಲ್ಲ, ಜೂನಿನಲ್ಲಿ ಹಿಡಿದರೆ ಜಿಟಿಜಿಟಿ ಎಂದು ಬಿಡುವುದೇ ಇಲ್ಲ. ಪೈಪಿಗಾಗಿ ಅಗೆದವರು ಮಣ್ಣು ಮುಚ್ಚಿ ಹೋಗಿದ್ದರು. ಆ ಮಣ್ಣು ಮೊದಲ ಮಳೆಗೇ ಕುಸಿದು ಅಡ್ಡಗಾಲುವೆಯಾಯಿತು. ಹೋದ ಮಳೆಗಾಲದಲ್ಲಿ ನಾನೇ ಅದರಲ್ಲಿ ಕಾಲಿಟ್ಟು ಒಂದು ತಿಂಗಳು ಪಟ್ಟಿ ಕಟ್ಟಿಕೊಂಡು ಕೂತೆ. ಅಂಥ ರಸ್ತೆಗೆ ಈಗ ನಾವು ಕೇಳುತ್ತಿರುವುದು ಹೂಗಿಡ! ಡಿವೈಡರ್ ಹಾಕಿದರೆ ಇರುವ ಅಗಲವೂ ಕಿರಿದಾಗುತ್ತದೆ, ಗಿಡಕ್ಕೆ ನೀರು ಹಾಕುವವರು ಯಾರೂ ಇರುವುದಿಲ್ಲ, ಆಕಳುಗಳಿಗೆ ಮಾತ್ರ ಉಪಕಾರ.

ಇನ್ನು ಗಾಡಿಗಳು. ಅವು ಫುಟ್‌ಪಾತಿನ ಮೇಲೆ ಇವೆ, ಒಗ್ಗರಣೆಯ ಹೊಗೆ ನಮ್ಮ ಕಿಟಕಿಗೇ ಬರುತ್ತದೆ, ತಟ್ಟೆ ತೊಳೆದ ನೀರು ರಸ್ತೆಗೆ ಹೋಗುತ್ತದೆ. ಎಲ್ಲ ನಿಜ. ಆದರೆ ಅವು ಸುಮ್ಮನೆ ಬಂದು ನಿಂತಿಲ್ಲ. ತಿಂಗಳ ಕೊನೆಯಲ್ಲಿ, ಊರಿನಿಂದ ಅಪ್ಪ ಕಳಿಸುವ ದುಡ್ಡು ಬರುವ ಮುಂಚೆ, ಒಂದು ಪ್ಲೇಟ್ ಗಿರ್ಮಿಟ್ಟಿಗೆ ಎರಡು ಮಿರ್ಚಿ ಹಾಕಿಸಿಕೊಂಡು ಅದನ್ನೇ ರಾತ್ರಿಯ ಊಟ ಮಾಡಿಕೊಳ್ಳುವ ಹುಡುಗಿಯರನ್ನು ನಾನು ದಿನವೂ ನೋಡುತ್ತೇನೆ. ಆ ಗಾಡಿ ಎತ್ತಿಸಿ ಅಲ್ಲಿ ನಮ್ಮ ಕಾರು ನಿಲ್ಲಿಸಿದರೆ ರಸ್ತೆ ಸುಧಾರಿಸಿತು ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ಕಾನೂನಿನ ಪ್ರಕಾರವೂ ಅದು ಅಷ್ಟು ಸುಲಭವಲ್ಲ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಬಂದ ಮೇಲೆ ಸಮೀಕ್ಷೆ ಮಾಡದೆ, ಪ್ರಮಾಣಪತ್ರ ಕೊಡದೆ ಒಕ್ಕಲೆಬ್ಬಿಸುವಂತಿಲ್ಲ. ಎಲ್ಲಿ ವ್ಯಾಪಾರ, ಎಲ್ಲಿ ಬೇಡ ಎಂಬುದು ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ಬರಬೇಕು. ಆ ಸಮಿತಿಯಲ್ಲಿ ವ್ಯಾಪಾರಿಗಳೇ ಶೇ 40ಕ್ಕಿಂತ ಕಡಿಮೆ ಇರಬಾರದು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಗಾಡಿಗಳಿಗೆ ರಸ್ತೆಯ ಒಂದು ಬದಿಯಲ್ಲಿ ಜಾಗ ಗುರುತಿಸಿ, ಒಂದು ನಳ, ಮುಚ್ಚಿದ ಗಟಾರ, ಎರಡು ಕಸದ ಡಬ್ಬಿ ಕೊಡಿ ಎಂದು ಕೇಳಿದ್ದರೆ ನಾನೇ ಮೊದಲು ಸಹಿ ಹಾಕುತ್ತಿದ್ದೆ. ಜೊತೆಗೆ ಒಂದು ಶೌಚಾಲಯ. ಹೆಣ್ಣುಮಕ್ಕಳು ನಿಶ್ಚಿಂತೆಯಿಂದ ಹೋಗಬಹುದಾದಂಥದ್ದು ಈ ರಸ್ತೆಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಏಕೆಂದರೆ ಪಟ್ಟಿ ಮಾಡಿದವರೆಲ್ಲರ ಮನೆ ಐದು ನಿಮಿಷದ ದಾರಿ.

ಸಭೆಯಲ್ಲಿ ಯಾರೂ ಎತ್ತದ ಮಾತು ಇನ್ನೊಂದಿದೆ. ಎತ್ತಿದರೆ ನಮ್ಮ ಬುಡಕ್ಕೇ ಬರುತ್ತದೆ.

ರಸ್ತೆ ಕೆಟ್ಟಿದ್ದು ಗಾಡಿಯವರಿಂದ ಮಾತ್ರ ಅಲ್ಲ, ನಮ್ಮಿಂದ. ಒಂದು ಮನೆಗೆಂದು ಕಟ್ಟಿದ ಜಾಗದಲ್ಲಿ ಮಾಳಿಗೆ ಏರಿಸಿದೆವು. ವಾಹನ ನಿಲ್ಲಿಸಲು ಬಿಡಬೇಕಾದ ಕೆಳಗಿನ ಜಾಗವನ್ನು ಅಂಗಡಿಗೆ ಕೊಟ್ಟೆವು, ಈಗ ಪಾರ್ಕಿಂಗ್ ಇಲ್ಲ ಎಂದು ಅಳುತ್ತೇವೆ. ನಾನೂ ಇದರಿಂದ ಹೊರಗಿಲ್ಲ. ನನ್ನ ಮೇಲಿನ ಎರಡು ಕೋಣೆಗೆ ಬಾಡಿಗೆ ಬರುತ್ತದೆ, ಪಿಂಚಣಿಯ ಜೊತೆ ಅದೇ ಆಧಾರ. ಆದರೆ ಕೆಲವು ರೀಡಿಂಗ್ ರೂಮುಗಳ ಒಳಗೆ ಹೋಗಿ ನೋಡಿ. ಪ್ಲೈವುಡ್ಡಿನಿಂದ ಮರೆ ಮಾಡಿದ ಸಣ್ಣ ಸಣ್ಣ ಕ್ಯಾಬಿನ್ನುಗಳು, ಪ್ರತಿ ಕ್ಯಾಬಿನ್ನಿಗೆ ಒಂದು ದೀಪ, ಒಂದು ಚಾರ್ಜರ್. ಏರಲು ಇಳಿಯಲು ಒಂದೇ ಜಿನೆ. ಅದರ ಬುಡದಲ್ಲಿ ಇನ್ವರ್ಟರ್ ಬ್ಯಾಟರಿ, ಚಪ್ಪಲಿಯ ಗುಡ್ಡೆ, ಒಂದೆರಡು ಬೈಕು. ರಾತ್ರಿ ಹನ್ನೊಂದಕ್ಕೂ ಒಳಗೆ ಹುಡುಗರು ತುಂಬಿರುತ್ತಾರೆ.

2019ರ ಮೇ ತಿಂಗಳಲ್ಲಿ ಸೂರತ್ತಿನ ಕೋಚಿಂಗ್ ಕ್ಲಾಸಿಗೆ ಬೆಂಕಿ ಬಿದ್ದು 22 ಮಂದಿ ಸತ್ತರು. ಮಕ್ಕಳು ಮೇಲಿನಿಂದ ಜಿಗಿಯುವುದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. 2023ರಲ್ಲಿ ದೆಹಲಿಯ ಮುಖರ್ಜಿ ನಗರದಲ್ಲಿ ಬೆಂಕಿಗೆ ಹೆದರಿ ವಿದ್ಯಾರ್ಥಿಗಳು ಹಗ್ಗ, ತಂತಿ ಹಿಡಿದು ಗೋಡೆ ಇಳಿದರು. 2024ರ ಜುಲೈ 27ರಂದು ಅದೇ ದೆಹಲಿಯ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ, ಅಲ್ಲಿ ಓದುತ್ತಿದ್ದ ಮೂವರು ಮುಳುಗಿ ಸತ್ತರು. ದೂರದ ಮಾತು ಎನ್ನುವವರಿಗೆ ನಮ್ಮ ಕುಮಾರೇಶ್ವರ ನಗರ ಇದೆಯಲ್ಲ. 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡ ಕುಸಿದು 19 ಜನ ಹೋದರು. ಅವಶೇಷದ ಕೆಳಗಿನಿಂದ ಜನರನ್ನು ಎಳೆಯುವುದನ್ನು ನೋಡುತ್ತ ಆ ದಿನಗಳಲ್ಲಿ ಅರ್ಧ ಧಾರವಾಡವೇ ಅಲ್ಲಿ ನಿಂತಿತ್ತು. ಆಮೇಲೆ ಎಲ್ಲ ಕಟ್ಟಡಗಳ ಪರಿಶೀಲನೆ ಆಗಬೇಕು ಎಂದು ಎಲ್ಲರೂ ಅಂದೆವು. ನನ್ನ ಮನೆಯ ಬಾಗಿಲಿಗಂತೂ ಈವರೆಗೆ ಯಾರೂ ಬಂದಿಲ್ಲ. ಬನ್ನಿ ಎಂದು ನಾನೂ ಅರ್ಜಿ ಕೊಟ್ಟವನಲ್ಲ.

ಕೋಚಿಂಗ್ ಕೇಂದ್ರಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಇರಬೇಕು, ಅಗ್ನಿ ಸುರಕ್ಷತೆ ಇರಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪಾಲಿಕೆಯವರು ಸಪ್ತಾಪುರದ ಒಂದೊಂದು ಕಟ್ಟಡಕ್ಕೂ ಹೋಗಿ ಎರಡನೇ ಜಿನೆ ಇದೆಯೇ, ನೆಲಮಾಳಿಗೆಯಲ್ಲಿ ಏನು ನಡೆದಿದೆ, ಬೆಂಕಿ ಆರಿಸುವ ಸಿಲಿಂಡರ್ ಖಾಲಿಯೋ ತುಂಬಿದೆಯೋ ಎಂದು ನೋಡಿ, ಕಂಡದ್ದನ್ನು ಬಾಗಿಲಿಗೆ ಕನ್ನಡದಲ್ಲಿ ಅಂಟಿಸಲಿ. ರೂಮು ಹುಡುಕುತ್ತ ಬರುವ ತಂದೆತಾಯಿ ಅದನ್ನು ಓದಿ ತೀರ್ಮಾನಿಸುತ್ತಾರೆ. ಮೊದಲು ನನ್ನ ಮನೆಗೇ ಬರಲಿ. ನನ್ನಲ್ಲೂ ಜಿನೆ ಒಂದೇ.

ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಆಗಲಿ ಎಂದು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದಾಗ ನಾವೆಲ್ಲ ಪೇಢೆ ಹಂಚಿದೆವು. ಹುಬ್ಬಳ್ಳಿಯ ನೆರಳಿನಲ್ಲಿ ನಮ್ಮ ಊರು ಸೊರಗಿತು ಎಂದು ವರ್ಷಗಟ್ಟಲೆ ಹಾಡಿದವರು ನಾವು. ಸರಿ, ಹುಬ್ಬಳ್ಳಿ ನಮ್ಮನ್ನು ಕೇಳಲಿಲ್ಲ ಎಂದು ಕೊರಗುವ ನಾವು, ನಮ್ಮದೇ ಓಣಿಯ ಸಭೆಗೆ ನಮ್ಮ ಮನೆಯ ಮೇಲೆಯೇ ಇರುವವರನ್ನು ಕರೆಯಲಿಲ್ಲ. ಗಾಡಿಯವರನ್ನೂ ಕರೆಯಲಿಲ್ಲ, ಚುರುಮುರಿ ಮಾತ್ರ ಅವರಿಂದಲೇ ತರಿಸಿದ್ದು.

ಮುಂದಿನ ಸಭೆ ರವಿವಾರ ಬೆಳಿಗ್ಗೆ ಎಂದು ತೀರ್ಮಾನವಾಗಿದೆ. ನೀವೂ ಬರ್ರಿ ಎಂದು ಮೇಲಿನ ಹುಡುಗರಿಗೆ ಹೇಳಿದೆ. 'ರವಿವಾರ ಬ್ಯಾಡ್ರಿ ಅಜ್ಜಾರ, ಮಾಕ್ ಟೆಸ್ಟ್ ಐತಿ. ಸೋಮವಾರ ರಾತ್ರಿ ಊಟ ಆದಮ್ಯಾಲ ಇಟ್ರ ಎಲ್ಲಾರೂ ಬರ್ತೀವ್ರಿ' ಅಂದರು. ಸೋಮವಾರ ರಾತ್ರಿ ಒಂಬತ್ತೂವರೆಗೆ, ನನ್ನ ಮನೆಯ ಕಟ್ಟೆಯ ಮೇಲೆ ಸೇರೋಣ ಎಂದು ಓಣಿಯವರಿಗೆ ಈ ಪತ್ರದ ಮೂಲಕವೇ ತಿಳಿಸುತ್ತಿದ್ದೇನೆ. ಒಂಬತ್ತರ ಮೇಲೆ ಗುಂಪು ಕಟ್ಟಬಾರದು ಎಂದು ಬರೆದ ಮನವಿಯನ್ನು ಅಲ್ಲಿಯವರೆಗೆ ಪೊಲೀಸರಿಗೆ ಕೊಡಬೇಡಿರಿ.

ತಮ್ಮ ವಿಶ್ವಾಸಿ,
ಸಪ್ತಾಪುರದ ಒಬ್ಬ ಮನೆಮಾಲೀಕ, ಧಾರವಾಡ