ಡೋರಾ ಕೇಕು, ರಾಜಮುಡಿ

ಮೊಮ್ಮಗಳಿಗೆ ಹನ್ನೊಂದು ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕು ಪುಟ್ಟಿ ಎಂದು ಫೋನಿನಲ್ಲಿ ಕೇಳಿದೆ. ಸೈಕಲ್ಲೋ ಕೈಗಡಿಯಾರವೋ ಕೇಳುತ್ತಾಳೆ ಅಂದುಕೊಂಡಿದ್ದೆ. "ತಾತ, ನಂಗೆ ಡೋರಾ ಕೇಕ್ ಬೇಕು. ಬೇಕರೀದು ಬೇಡ, ಜಪಾನಿನೋರು ತಿನ್ನೋ ಅಂಥದ್ದು" ಅಂದಳು.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. ಟಿ.ವಿ.ಯಲ್ಲಿ ಡೋರೆಮಾನ್ ಎಂಬ ನೀಲಿ ಬೆಕ್ಕು ಬರುತ್ತದೆ. ಅದಕ್ಕೆ ಪ್ರಾಣಕ್ಕಿಂತ ಪ್ರಿಯವಾದ ತಿಂಡಿ ಇದು. ಮಕ್ಕಳು ಡೋರಾ ಕೇಕ್ ಎನ್ನುತ್ತಾರೆ, ಜಪಾನಿನಲ್ಲಿ ಡೊರಯಾಕಿ. ಅಂಗೈ ಅಗಲದ ಎರಡು ಮೆತ್ತನೆಯ ಸಿಹಿ ದೋಸೆ, ನಡುವೆ ಅಜುಕಿ ಎಂಬ ಕೆಂಪು ಕಾಳನ್ನು ಬೇಯಿಸಿ ಸಕ್ಕರೆ ಹಾಕಿ ಅರೆದ ಹೂರಣ. ಆ ಅಜುಕಿ ನಮ್ಮ ಹೆಸರು, ಉದ್ದು, ಅಲಸಂದೆಗಳ ಕುಲದ್ದೇ. ಒಟ್ಟಿನಲ್ಲಿ ನಮ್ಮ ಹೋಳಿಗೆಯ ದೂರದ ನೆಂಟ.

ಬೆಂಗಳೂರಿಗೆ ಹೊರಡುವ ಹಿಂದಿನ ಸಂಜೆ ತಮ್ಮ ಬಂದು ಜಗಲಿಯಲ್ಲಿ ಕೂತ. "ಅಣ್ಣ, ಶುಂಠಿಯವರು ಮತ್ತೆ ಬಂದಿದ್ರು. ಕೆಳಗಿನ ಗದ್ದೆ ಕೊಡಿ, ದುಡ್ಡು ಮುಂಚೇನೇ ಕೊಡ್ತೀವಿ ಅಂತಾರೆ. ನಾಟಿಗೆ ಆಳು ಸಿಗಲ್ಲ, ನನ್ನ ಸೊಂಟಾನೂ ಕೇಳಲ್ಲ. ನೀನು ಹೂಂ ಅಂದ್ರೆ ಕೊಟ್ಬಿಡೋಣ." ಮಗ್ಗೆಯ ಸುತ್ತಮುತ್ತ ಎಷ್ಟೋ ಗದ್ದೆಗಳು ಹೀಗೇ ಶುಂಠಿಗೆ ಹೋಗಿವೆ. ಬ್ಯಾಂಕಿನಲ್ಲಿ ಜೀವಮಾನವಿಡೀ ಬೇರೆಯವರ ಲೆಕ್ಕ ಬರೆದ ನನಗೆ ನಮ್ಮದೇ ಒಂದೂವರೆ ಎಕರೆಯ ಲೆಕ್ಕಕ್ಕೆ ಉತ್ತರ ಹೊಳೆಯಲಿಲ್ಲ. ಬಂದು ಹೇಳ್ತೀನಿ ಎಂದೆ. ಮಗಳ ಮನೆಗೆಂದು ನಮ್ಮವಳು ಐದು ಸೇರು ರಾಜಮುಡಿ ಅಕ್ಕಿ ಚೀಲಕ್ಕೆ ತುಂಬಿದಳು.

ಬೆಂಗಳೂರಿಗೆ ಜಪಾನಿನವರು ಹೊಸಬರಲ್ಲ. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆ ಇದೆಯಲ್ಲ, ಅದರ ಹೆಸರಿನ ಹಿಂದೆ ಜಪಾನಿದೆ. ಸುಮಾರು 125 ವರ್ಷಗಳ ಹಿಂದೆ ಜೆಮ್‌ಶೆಡ್‌ಜಿ ಟಾಟಾ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಅಲ್ಲಿ ರೇಷ್ಮೆ ತೋಟ ಮಾಡಿಸಿ, ಹುಳು ಸಾಕುವುದನ್ನು ಕಲಿಸಲು ಜಪಾನಿನ ತಜ್ಞರನ್ನು ಕರೆಸಿದ್ದರು. ನಮ್ಮ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನು ಸುತ್ತಿ ಬಂದವರು. ಆದರೆ ಸಂಸಾರ ಸಮೇತ ಜಪಾನಿನವರು ಇಲ್ಲಿ ನೆಲೆಸಲು ಶುರುವಾದದ್ದು ಟೊಯೋಟಾ ಬಂದ ಮೇಲೆ. 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ಕಂಪನಿ ಕಟ್ಟಿದರು, ಬಿಡದಿಯಿಂದ ಕ್ವಾಲಿಸ್ ಗಾಡಿ ರಸ್ತೆಗೆ ಇಳಿಯಿತು. ಆಮೇಲೆ ಕೋಲಾರದ ನರಸಾಪುರಕ್ಕೆ ಹೋಂಡಾ ಬಂತು. ಎಂಜಿನಿಯರುಗಳು ಬಂದರೆ ಹೆಂಡತಿ ಮಕ್ಕಳು ಬರುತ್ತಾರೆ, ಅವರು ಬಂದರೆ ಅವರ ಊಟ ಬರಬೇಕು. ರೆಸಿಡೆನ್ಸಿ ರಸ್ತೆಯ ಹರಿಮಾದಂಥ ಊಟದ ಮನೆಗಳು ಎದ್ದದ್ದು ಹೀಗೆ.

ನಾವು ಹೋದದ್ದು ಅಷ್ಟು ಹೆಸರಿಲ್ಲದ ಒಂದು ಚಿಕ್ಕ ಜಾಗಕ್ಕೆ. ಅಂದು ಶನಿವಾರ. ನಮ್ಮವಳು ಶನಿವಾರ ಮಾಂಸ ಮೀನು ಮುಟ್ಟುವುದಿಲ್ಲ. ಮೊದಲು ಬಟ್ಟಲಲ್ಲಿ ತಿಳಿಸಾರಿನಂಥದ್ದು ಬಂತು, ಮಿಸೋ ಸೂಪ್. ಸೋಯಾ ಕಾಳನ್ನು ಹುದುಗು ಬರಿಸಿ ಮಾಡಿದ ಮುದ್ದೆಯನ್ನು ನೀರಿನಲ್ಲಿ ಕದಡಿದ್ದು, ಮೇಲೆ ಎರಡು ತುಂಡು ತೋಫು. ಘಮ ಚೆನ್ನಾಗಿತ್ತು. ಬಟ್ಟಲು ತುಟಿಗೆ ತಾಗಿಸುವ ಮುಂಚೆ ಯಾವುದಕ್ಕೂ ಕೇಳಿ ರೀ ಅಂದಳು. ಬಡಿಸುವ ಹುಡುಗ ಒಳಗೆ ಹೋಗಿ ವಿಚಾರಿಸಿ ಬಂದು, "ಆಂಟಿ, ಇದರ ನೀರಿಗೇ ಮೀನು ಹಾಕಿರ್ತಾರೆ" ಎಂದ. ಇದು ತಿಳಿದಿರುವುದು ಒಳ್ಳೆಯದು. ಜಪಾನಿನ ಅಡುಗೆಯಲ್ಲಿ ಬಹುಪಾಲು ಸಾರಿನ ಬುನಾದಿ ದಾಶಿ ಎಂಬ ಕಟ್ಟು. ಕಡಲಪಾಚಿಯನ್ನೂ, ಹೊಗೆಯಲ್ಲಿ ಒಣಗಿಸಿ ಹೂವಿನೆಸಳಿನಂತೆ ತುರಿದ ಮೀನನ್ನೂ ಬಿಸಿನೀರಿಗೆ ಹಾಕಿ ಸೋಸುತ್ತಾರೆ. ಪಟ್ಟಿಯಲ್ಲಿ ಬರೀ ತರಕಾರಿ ಹೆಸರಿದ್ದರೂ ಒಳಗೆ ಮೀನಿನ ರಸ ಇರಬಹುದು. ಆ ಹುಡುಗ ಕೇಳಿ ಬಂದು ನಿಜ ಹೇಳಿದ್ದಕ್ಕೆ ನಾನು ಹತ್ತು ರೂಪಾಯಿ ಹೆಚ್ಚೇ ಇಟ್ಟು ಬಂದೆ. ನಮ್ಮವಳು ಸೌತೆಕಾಯಿ ಸುಶಿ ತಿಂದಳು. ಸುಶಿ ಎಂದರೆ ಹಸಿ ಮೀನು ಎಂದೇ ನಾನೂ ತಿಳಿದಿದ್ದೆ. ಅಲ್ಲ, ವಿನೆಗರ್ ಬೆರೆಸಿದ ಅನ್ನ ಅದು, ಜೊತೆಗೆ ಏನಿಟ್ಟರೂ ಸುಶಿಯೇ. ಪಕ್ಕದಲ್ಲಿದ್ದ ಹಸಿರು ಉಂಡೆಯನ್ನು ಪುದೀನ ಚಟ್ನಿ ಎಂದು ಅಷ್ಟನ್ನೂ ಬಾಯಿಗೆ ಹಾಕಿಕೊಂಡವನು ನಾನು. ಮೂಗಿನಿಂದ ನೆತ್ತಿಗೆ ಹತ್ತಿತು. ಪುಟ್ಟಿ ನಕ್ಕು ನಕ್ಕು ಬಿಕ್ಕಳಿಸಿದಳು.

ಡೋರಾ ಕೇಕು ಅಲ್ಲಿ ಇರಲಿಲ್ಲ. ಜಪಾನಿನ ದಿನಸಿ ಇಡುವ ಅಂಗಡಿಗೆ ಮಗಳು ಕರೆದುಕೊಂಡು ಹೋದಳು. ನಮ್ಮ ಹಜಾರಕ್ಕಿಂತ ದೊಡ್ಡದಲ್ಲ. ಬಾಟಲಿಗಳಲ್ಲಿ ಸೋಯಾ ಸಾಸು, ಹಳದಿ ಮೂಲಂಗಿ ಉಪ್ಪಿನಕಾಯಿ, ಪೊಟ್ಟಣದಲ್ಲಿ ಬೇಯಿಸಿದ ಕಳಲೆ. ಕಳಲೆ ನೋಡಿ ನಮ್ಮವಳಿಗೆ ತವರು ಕಂಡಷ್ಟು ಸಂತೋಷ. ಚಾಕೊಲೇಟಿನಂತೆ ಮುರಿದು ಹಾಕುವ ಸಾರಿನ ಅಚ್ಚೂ ಇತ್ತು. ಇಂಗ್ಲಿಷರ ಕೈದಾಟಿ ಜಪಾನಿಗೆ ಹೋದ ನಮ್ಮ ಸಾರು ಹೀಗೆ ಅಚ್ಚಾಗಿ ವಾಪಸು ಬಂದಿದೆ. ಫ್ರಿಜ್ಜಿನಲ್ಲಿ ಡೊರಯಾಕಿ ಎರಡೇ ಉಳಿದಿತ್ತು, ಎರಡನ್ನೂ ತೆಗೆದುಕೊಂಡೆವು.

ನಾನು ನಿಂತುಬಿಟ್ಟದ್ದು ಅಕ್ಕಿಯ ಮುಂದೆ. ಚಿಕ್ಕ ಚೀಲ, ಮೇಲೆ ತಳಿಯ ಹೆಸರು ಕೊಶಿಹಿಕಾರಿ, ಬೆಳೆದ ಸೀಮೆಯ ಹೆಸರು ನಿಗಾತಾ. ಬೆಲೆ ಲೆಕ್ಕ ಹಾಕಿದೆ, ಕಿಲೋಗೆ ನಾನೂರರ ಆಸುಪಾಸು. ನಮ್ಮ ಕಡೆ? 2025-26ಕ್ಕೆ ಸರ್ಕಾರ ಕಟ್ಟಿದ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,369. ಮಿಲ್ಲಿನಲ್ಲಿ ನೂರು ಕಿಲೋ ಭತ್ತಕ್ಕೆ 67 ಕಿಲೋ ಅಕ್ಕಿ ಎಂಬುದು ಸರ್ಕಾರಿ ಲೆಕ್ಕ. ಅಲ್ಲಿಗೆ ಅಕ್ಕಿ ಕಿಲೋಗೆ ಬೆಳೆದವನಿಗೆ ಬಿದ್ದದ್ದು 35 ರೂಪಾಯಿ ಚಿಲ್ಲರೆ. ರಾಜಮುಡಿಗೆ ಇದಕ್ಕಿಂತ ಒಳ್ಳೆಯ ಬೆಲೆ ಇದೆ ನಿಜ. ಬೆಂಗಳೂರಿನ ಸಾವಯವ ಅಂಗಡಿಗಳಲ್ಲಿ ಕೆಂಪು ಅಕ್ಕಿ ಎಂದು ಮುಗಿಬಿದ್ದು ಕೊಳ್ಳುತ್ತಾರೆ. ಆದರೆ ಆ ದಿನ ನಾನು ನೋಡಿದ ಚೀಲದ ಮೇಲೆ ಆಲೂರು ಎಂದಾಗಲಿ, ಬೆಳೆದವನ ಊರೆಂದಾಗಲಿ ಇರಲಿಲ್ಲ.

ಕೊಶಿಹಿಕಾರಿ ಸುಲಭದ ತಳಿಯೇನಲ್ಲ. 1956ರಲ್ಲಿ ಹೆಸರಿಟ್ಟದ್ದು. ಎತ್ತರ ಬೆಳೆದು ಗಾಳಿಗೆ ಮಲಗಿಬಿಡುತ್ತದೆ, ಬೆಂಕಿರೋಗವೂ ಬೇಗ ತಗಲುತ್ತದೆ. ಅದೇ ಜಾತಕ ನಮ್ಮ ರಾಜಮುಡಿಯದೂ, ಎತ್ತರ ಬೆಳೆದು ಮಲಗುತ್ತದೆ. ಅವರು ಕೈಬಿಡಲಿಲ್ಲ, ರುಚಿಗಾಗಿ ಉಳಿಸಿಕೊಂಡರು.

ಇನ್ನೊಂದು ನೆನಪು ಬಂತು. ನಾನು ಏಳೆಂಟು ವರ್ಷದವನಿದ್ದಾಗ ನಮ್ಮ ಗದ್ದೆಗೆ 'ಜಪಾನ್ ಬೇಸಾಯ' ಬಂದಿತ್ತು. 1953ರಿಂದ ದೇಶದಲ್ಲೆಲ್ಲ ನಡೆದ ಪ್ರಚಾರ ಅದು. ಉಪ್ಪುನೀರಿನಲ್ಲಿ ಹಾಕಿ ಜೊಳ್ಳು ತೆಗೆದ ಬೀಜ, ಏರುಮಡಿಯಲ್ಲಿ ಸಸಿ, ಹಗ್ಗ ಹಿಡಿದು ಸಾಲಿಗೆ ನಾಟಿ, ಸಾಲಿನ ನಡುವೆ ಕಳೆ ತೆಗೆಯಲು ಉರುಳುವ ಯಂತ್ರ. ಗ್ರಾಮಸೇವಕರು ಬಂದು ತೋರಿಸಿದರು. ಗಂಟು ಹಾಕಿದ ಹಗ್ಗದ ಒಂದು ತುದಿ ಹಿಡಿದು ಕೆಸರಿನಲ್ಲಿ ನಿಂತವನು ನಾನು, ಇನ್ನೊಂದು ತುದಿಗೆ ನಮ್ಮಪ್ಪ. ಹಗ್ಗ ಸಡಿಲ ಬಿಟ್ಟರೆ ಅಲ್ಲಿಂದಲೇ ಬೈಗುಳ. ನಾಟಿ ಹೆಂಗಸರು ಇದ್ಯಾವ ಶಾಲೆ ಮಕ್ಕಳ ಸಾಲಪ್ಪಾ ಎಂದು ನಗುತ್ತಿದ್ದರು. ತಮ್ಮ ಈಗ ಶುಂಠಿಗೆ ಕೊಡೋಣ ಎನ್ನುತ್ತಿರುವುದು ಅದೇ ಕೆಳಗಿನ ಗದ್ದೆ.

ಅಂಗಡಿಯಿಂದ ಮಾಲಿಗೂ ಹೋದೆವು. ಅಲ್ಲಿ ಮಿನಿಸೋ ಅಂಗಡಿಯನ್ನು ಪುಟ್ಟಿ ಜಪಾನಿನದೆಂದಳು. ಅಲ್ಲ ಮಗಾ, ಅದು ಚೀನಾದ ಕಂಪನಿ. ಜಪಾನಿನದೆಂದು ತೋರಿಸಿಕೊಂಡದ್ದಕ್ಕೆ 2022ರಲ್ಲಿ ಅವರೇ ಕ್ಷಮೆ ಕೇಳಿದ್ದಾರೆ. ನಿನ್ನ ಕಂಪಾಸು ಪೆಟ್ಟಿಗೆಯ ಕ್ಯಾಮ್ಲಿನ್ ಇದೆಯಲ್ಲ, ನಮ್ಮ ಆ ಕಂಪನಿಯ ದೊಡ್ಡ ಪಾಲು 2011ರಿಂದ ಜಪಾನಿನ ಕೊಕುಯೋದವರ ಕೈಯಲ್ಲಿದೆ ಎಂದೆ. ಹೆಸರು ನೋಡಿ ಊರು ಹೇಳುವ ಕಾಲ ಹೋಯಿತು.

ರಾತ್ರಿ ಪುಟ್ಟಿ ಅನ್ನದ ತ್ರಿಕೋನ ಉಂಡೆ ಮಾಡುತ್ತೇನೆಂದು ಹಟ ಹಿಡಿದಳು, ಒನಿಗಿರಿ. ಕಾರ್ಟೂನಿನಲ್ಲಿ ನೋಡಿದ್ದು. ನಾವು ತಂದ ರಾಜಮುಡಿಯ ಅನ್ನ ಮಾಡಿ ಕೈ ಒದ್ದೆ ಮಾಡಿಕೊಂಡು ಒತ್ತಿದಳು. ಉದುರಿತು. ಮತ್ತೆ ಒತ್ತಿದಳು, ಮತ್ತೆ ಉದುರಿತು. ಜಪಾನಿನ ಅಕ್ಕಿಗಿರುವ ಅಂಟು ಇದಕ್ಕಿಲ್ಲ. ಕಣ್ಣಲ್ಲಿ ನೀರು ಬಂತು. "ತಾತ, ನಮ್ ಅಕ್ಕಿ ಚೆನ್ನಾಗಿಲ್ವಾ?"

ಅಜ್ಜಿ ಮಾತಾಡಲಿಲ್ಲ. ಉಳಿದ ಅಕ್ಕಿಯಲ್ಲಿ ಎರಡು ಪಾವು ಮಿಕ್ಸಿಯಲ್ಲಿ ತರಿ ಮಾಡಿ, ಕುದಿಯುವ ನೀರಿಗೆ ಸುರಿದು ಗೊಟಾಯಿಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟಳು. ಅರ್ಧ ಗಂಟೆಗೆ ಕಡುಬು. ಒಂದನ್ನು ಪುಟ್ಟಿ ಕೈಗೆ ಕೊಟ್ಟು, "ಒತ್ತು, ನಿಂಗೆ ಯಾವ ಮೂಲೆ ಬೇಕೋ ಆ ಮೂಲೆ ಮಾಡ್ಕೊ" ಅಂದಳು. ಮೂರು ಮೂಲೆ ಚೆನ್ನಾಗಿಯೇ ಬಂತು. ಅಂಗಡಿಯಿಂದ ತಂದ ಕಡಲಪಾಚಿ ಹಾಳೆ ಅಂಟಿಸಿ, ಕಾಯಿಚಟ್ನಿ ನೆಂಚಿಕೊಂಡು ನಾಲ್ಕು ತಿಂದಳು. ಡೋರಾ ಕೇಕು ಅರ್ಧ ತಿಂದು, ಪರವಾಗಿಲ್ಲ ತಾತ, ಹೋಳಿಗೆ ಥರಾನೇ ಇದೆ ಎಂದು ಮಿಕ್ಕದ್ದನ್ನು ನನಗೆ ಕೊಟ್ಟಳು.

ಎಲ್ಲರೂ ಮಲಗಿದ ಮೇಲೆ ತಮ್ಮನಿಗೆ ಫೋನು ಮಾಡಿದೆ.

"ಬಿತ್ತನೆಗೆ ರಾಜಮುಡಿ ಎಷ್ಟಿದೆಯೋ?"

ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. "ಒಂದೂವರೆ ಎಕರೆಗೆ ಸಾಲಲ್ಲ ಅಣ್ಣ. ಅರ್ಧ ಎಕರೆಗೆ ಆಗ್ಬೋದು" ಅಂದ. "ಹಗ್ಗ ಹಿಡಿಯೋರು ಯಾರು?"

ನಾಟಿ ಹೊತ್ತಿಗೆ ಪುಟ್ಟಿಗೆ ಸ್ಕೂಲು ಇರುತ್ತದೆ. ಆದರೆ ನಾಟಿಯನ್ನು ಭಾನುವಾರಕ್ಕೆ ಇಟ್ಟುಕೊಂಡರೆ ಆದೀತು, ಮಗಳನ್ನು ಕೇಳಬೇಕು.